ಉಗುರುಬೆಚ್ಚಗೆ ಎಂಬ ಬೈಗುಳ

‘ಉಗುರುಬೆಚ್ಚಗೆ’ ನಮ್ಮ ಅಡುಗೆಮನೆಯ ಪದ. ಕಾಯಿಸಿದ ಹಾಲು ಆರಿ ಉಗುರುಬೆಚ್ಚಗಾದಾಗ ಹೆಪ್ಪು ಹಾಕಬೇಕು. ಬಿಸಿ ಹೆಚ್ಚಿದ್ದರೆ ಮೊಸರು ಕೆಡುತ್ತದೆ, ತಣ್ಣಗಿದ್ದರೆ ಬೆಳಗಾದರೂ ಹಾಲು ಹಾಲಾಗಿಯೇ ಕೂತಿರುತ್ತದೆ. ಗಂಟಲು ಕಟ್ಟಿದರೆ ಉಗುರುಬೆಚ್ಚಗಿನ ನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸುತ್ತೇವೆ. ಕೂಸಿನ ಮೈಗೆ ಹಚ್ಚುವ ಎಣ್ಣೆ, ಕಾಯಿಲೆಯವರಿಗೆ ಕೊಡುವ ಗಂಜಿ, ಬಾಣಂತಿ ಕುಡಿಯುವ ನೀರು ಎಲ್ಲವೂ ಈ ಹದದಲ್ಲೇ ಇರಬೇಕು. ಅಳೆಯಲು ಥರ್ಮಾಮೀಟರ್ ಬೇಡ, ಬೆರಳ ತುದಿ ಅದ್ದಿದರೆ ಸಾಕು. ತೆಲುಗಿನವರು ಇದನ್ನೇ ‘ಗೋರುವೆಚ್ಚನಿ’ ಎನ್ನುತ್ತಾರೆ. ಗೋರು ಎಂದರೂ ಉಗುರೇ. ತಮಿಳರು ‘ಇಳಂಚೂಡು’ ಎಂದು ಎಳೆಯ ಬಿಸಿಯ ಮಾತಾಡುತ್ತಾರೆ. ಒಟ್ಟಿನಲ್ಲಿ ಇದು ಎಳೆಯರ, ನೋವಿನವರ, ಆರೈಕೆಯವರ ಪದ. ಯಾರನ್ನೂ ಸುಡುವುದಿಲ್ಲ, ಯಾರನ್ನೂ ನಡುಗಿಸುವುದಿಲ್ಲ.

ಇಂಥ ಸಾಧು ಪದ ಬೈಗುಳವಾಗಿ ಕೇಳಿಬರುವುದು ಕನ್ನಡ ಕ್ರೈಸ್ತರ ಸಭೆಗಳಲ್ಲಿ ಮಾತ್ರ. ‘ನಮ್ಮ ವಿಶ್ವಾಸ ಉಗುರುಬೆಚ್ಚಗಾಗಿಬಿಟ್ಟಿದೆ’ ಎಂದು ಭಾನುವಾರದ ಪ್ರಸಂಗದಲ್ಲಿ ಪಾಸ್ಟರು ಗದರುತ್ತಾರೆ. ಉಜ್ಜೀವನ ಕೂಟದ ಮೈಕಿನಲ್ಲಿ ಇದೇ ಮಾತು ಇನ್ನೂ ಗಟ್ಟಿಯಾಗಿ ಬರುತ್ತದೆ. ಹೊರಗಿನ ಕನ್ನಡಕ್ಕೆ ಈ ಬಳಕೆ ಅಷ್ಟಾಗಿ ಗೊತ್ತಿಲ್ಲ. ಜನ ಸೇರದ ಸಭೆಗೆ ಪತ್ರಿಕೆಗಳು ‘ನೀರಸ ಪ್ರತಿಕ್ರಿಯೆ’ ಎಂದು ಬರೆಯುತ್ತವೆ. ‘ಉಗುರುಬೆಚ್ಚಗಿನ ಪ್ರತಿಕ್ರಿಯೆ’ ಎಂದರೆ ಓದುಗರು ಒಂದು ಕ್ಷಣ ಹಂಡೆಯ ಕಡೆ ನೋಡಿಯಾರು. ಮನುಷ್ಯರ ಗುಣ ಹೇಳಬೇಕಾದರೆ ನಮಗೆ ಬೇರೆಯೇ ಸಾಮಗ್ರಿ ಇದೆ: ಆರಕ್ಕೇರದ ಮೂರಕ್ಕಿಳಿಯದ ಆಸಾಮಿ, ಎಡಬಿಡಂಗಿ, ಅರೆಮನಸ್ಸಿನವನು. ಬಿಸಿನೀರಿನ ಪದವನ್ನು ಮನಸ್ಸಿಗೆ ಹಚ್ಚಿದ ಕೀರ್ತಿ ಬೈಬಲ್ಲಿನ ಅನುವಾದಕ್ಕೆ ಸಲ್ಲಬೇಕು.

ಮೂಲ ಇರುವುದು ಹೊಸ ಒಡಂಬಡಿಕೆಯ ಕೊನೆಯ ಪುಸ್ತಕ ಪ್ರಕಟನೆಯ ಮೂರನೆಯ ಅಧ್ಯಾಯದಲ್ಲಿ. ಪತ್ಮೋಸ್ ದ್ವೀಪದಲ್ಲಿದ್ದ ಯೋಹಾನ ಆಸ್ಯ ಸೀಮೆಯ ಏಳು ಸಭೆಗಳಿಗೆ ಒಂದೊಂದು ಓಲೆ ಬರೆಯುತ್ತಾನೆ. ಏಳನೆಯದು ಲವೊದಿಕೀಯದವರಿಗೆ. ಉಳಿದ ಸಭೆಗಳಿಗೆಲ್ಲ ಒಂದಾದರೂ ಮೆಚ್ಚುಗೆಯ ಮಾತಿದೆ. ಇವರಿಗೆ ಅದೂ ಇಲ್ಲ. ನೀವು ಬಿಸಿಯೂ ಅಲ್ಲ ತಣ್ಣಗೂ ಅಲ್ಲ, ಆದ್ದರಿಂದ ನಿಮ್ಮನ್ನು ಬಾಯಿಂದ ಹೊರಹಾಕುತ್ತೇನೆ ಎಂಬರ್ಥದ ಕ್ರಿಸ್ತನ ಮಾತು ನೇರವಾಗಿ ಬಂದುಬಿಡುತ್ತದೆ. ಅಲ್ಲಿರುವ ಗ್ರೀಕ್ ಪದ ‘ಖ್ಲಿಯಾರೊಸ್’. ಇಡೀ ಹೊಸ ಒಡಂಬಡಿಕೆಯಲ್ಲಿ ಅದು ಬರುವುದು ಈ ಒಂದೇ ಕಡೆ. ಕನ್ನಡದ ಮೊದಲ ಪೂರ್ಣ ಬೈಬಲ್ 1831ರಲ್ಲಿ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ ಬಂತು. ಬೇಸಿಗೆ ಮತ್ತು ಬಿರುಬೇಸಿಗೆ ಎಂದು ಎರಡೇ ಕಾಲ ಎಂಬ ತಮಾಷೆಗೆ ಗುರಿಯಾದ ಊರಿನಲ್ಲಿ ಕೂತು ಬಿಸಿ, ತಣ್ಣಗೆ, ನಡುವಿನದು ಎಂದು ಪದ ಆರಿಸುವುದು ಸಣ್ಣ ಕೆಲಸವಾಗಿರಲಾರದು. ಇಂದು ಸಭೆಗಳಲ್ಲಿ ಓದುವ ಸತ್ಯವೇದದಲ್ಲಿ ಇರುವುದು ‘ಉಗುರುಬೆಚ್ಚಗೆ’ಯೇ.

ಈ ವಾಕ್ಯದ ಮೇಲಿನ ಪ್ರಸಂಗಗಳಿಗೆ ಒಂದು ಸಿದ್ಧ ಅಳತೆಗೋಲಿದೆ. ಬಿಸಿ ಎಂದರೆ ಭಕ್ತಿಯುಳ್ಳವರು, ತಣ್ಣಗೆ ಎಂದರೆ ದೇವರನ್ನು ಬಿಟ್ಟವರು, ನಡುವಿನವರು ಹೆಸರಿಗೆ ಕ್ರೈಸ್ತರು. ಈ ಅಳತೆಗೋಲು ಹಿಡಿದವರೆಲ್ಲ ಒಂದು ಕಡೆ ಮುಗ್ಗರಿಸುತ್ತಾರೆ. ನೀನು ಬಿಸಿಯಾಗಿರು ಇಲ್ಲವೇ ತಣ್ಣಗಿರು, ಎರಡರಲ್ಲಿ ಒಂದಾಗಿದ್ದರೆ ಚೆನ್ನಾಗಿತ್ತು ಎಂಬುದು ಓಲೆಯ ಆಸೆ. ತಣ್ಣಗಿರುವುದು ದೇವರನ್ನು ಬಿಡುವುದೇ ಆದರೆ ಅದನ್ನು ಕರ್ತನೇ ಬಯಸಿದನೇ? ‘ಬಹಿರಂಗ ವೈರಿ ಮುಖವಾಡದ ಗೆಳೆಯನಿಗಿಂತ ಮೇಲು’ ಎಂದು ಹೇಳಿ ಅಲ್ಲಿಂದ ದಾಟಿಕೊಳ್ಳುತ್ತಾರೆ.

ಕನ್ನಡದ ಕಿವಿಗೆ ಈ ತೊಡಕು ಇರಬೇಕಾಗಿಯೇ ಇಲ್ಲ. ನಮ್ಮಲ್ಲಿ ತಣ್ಣಗಿರುವುದು ಆಶೀರ್ವಾದ. ಉಣ್ಣಲಿಕ್ಕಿಟ್ಟ ಕೈಗೆ ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದು ಹರಸುವ ಜನ ನಾವು. ಬಿಸಿಯೂ ಬೇಕು, ತಂಪೂ ಬೇಕು, ಎರಡಕ್ಕೂ ಅದರದರ ಹೊತ್ತಿದೆ. 1957ರಲ್ಲಿ ರಡ್‌ವಿಕ್ ಮತ್ತು ಗ್ರೀನ್ ಎಂಬಿಬ್ಬರು ಇಂಗ್ಲಿಷ್ ನಿಯತಕಾಲಿಕವೊಂದರಲ್ಲಿ ಬರೆದ ಲೇಖನ ಇದೇ ದಾರಿ ಹಿಡಿಯಿತು. ಬಿಸಿ ಮತ್ತು ತಣ್ಣಗೆ ಎರಡೂ ಇಲ್ಲಿ ಹೊಗಳಿಕೆಯೇ, ಎರಡೂ ಉಪಯೋಗಕ್ಕೆ ಬರುವ ನೀರು, ತೆಗಳಿಕೆ ಇರುವುದು ಯಾವ ಉಪಯೋಗಕ್ಕೂ ಬಾರದ ನೀರಿನ ಮೇಲೆ ಎಂದು ಅವರು ವಾದಿಸಿದರು.

ಅವರ ವಾದ ನಿಂತದ್ದು ಊರಿನ ಭೂಗೋಳದ ಮೇಲೆ. ಇಂದಿನ ಟರ್ಕಿಯ ಡೆನಿಜ್ಲಿ ನಗರದ ಮಗ್ಗುಲಲ್ಲಿ, ಲೈಕಸ್ ನದಿಯ ಕಣಿವೆಯಲ್ಲಿ ಲವೊದಿಕೀಯದ ಅವಶೇಷಗಳಿವೆ. ಉತ್ತರಕ್ಕೆ ಸುಮಾರು 10 ಕಿ.ಮೀ. ದೂರದಲ್ಲಿ ಹಿಯರಾಪೊಲಿ. ಅಲ್ಲಿಯ ಬಿಸಿನೀರಿನ ಬುಗ್ಗೆಗಳು ಸುಣ್ಣದ ಬಿಳಿ ಮೆಟ್ಟಿಲುಗಳನ್ನು ಕಟ್ಟಿವೆ. ಪಮುಕ್ಕಲೆ ಎಂದು ಪ್ರವಾಸಿಗರು ಇಂದು ನೋಡಲು ಹೋಗುವುದು ಇದನ್ನೇ. ಪೂರ್ವಕ್ಕೆ ಇನ್ನೊಂದಿಷ್ಟು ದೂರದಲ್ಲಿ ಬೆಟ್ಟದ ಬುಡದ ಕೊಲೊಸ್ಸೆ, ಅದರ ನೀರು ತಣ್ಣಗಿನದು. ಎಪಫ್ರನೆಂಬ ಒಬ್ಬನೇ ಸೇವಕ ಈ ಮೂರೂ ಊರುಗಳಿಗಾಗಿ ಶ್ರಮಪಟ್ಟ ಮಾತು ಪೌಲನು ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿದೆ. ನಡುವಿನ ಲವೊದಿಕೀಯಕ್ಕೆ ಮಾತ್ರ ದಕ್ಷಿಣದ ಬುಗ್ಗೆಗಳಿಂದ ಕಾಲುವೆಯಲ್ಲೂ, ತೂತು ಕೊರೆದು ಸಾಲಾಗಿ ಜೋಡಿಸಿದ ಕಲ್ಲಿನ ಕೊಳವೆಯಲ್ಲೂ ನೀರು ತರಬೇಕಾಗಿತ್ತು. ಆ ಕೊಳವೆಗಳ ಒಳಗೆ ಸುಣ್ಣ ಕಟ್ಟಿಕೊಂಡು ಬಾಯಿ ಕಿರಿದಾಗಿರುವುದನ್ನು ಈಗಲೂ ಕಾಣಬಹುದು. ಅತ್ತ ಮೈನೋವಿಗೆ ಬಿಸಿ, ಇತ್ತ ಬಾಯಾರಿಕೆಗೆ ತಂಪು, ನಡುವೆ ಎರಡಕ್ಕೂ ಸಲ್ಲದ್ದು.

ಈ ನೀರಿನ ಕತೆ ಎಷ್ಟು ಚೆಂದವೆಂದರೆ ಪ್ರಸಂಗಿಗಳು ಅದನ್ನು ಬಿಡುವುದೇ ಇಲ್ಲ. ಆದರೆ ವಿದ್ವಾಂಸ ಕ್ರೇಗ್ ಕೋಸ್ಟರ್ 2003ರಲ್ಲಿ ಅದಕ್ಕೆ ತಕರಾರು ತೆಗೆದರು. ಲವೊದಿಕೀಯದ ನೀರು ಸುತ್ತಿನ ಊರುಗಳದ್ದಕ್ಕಿಂತ ಕೀಳೇನೂ ಆಗಿರಲಿಲ್ಲ, ಹೋಲಿಕೆ ಇರುವುದು ಊಟದ ಮೇಜಿನದು ಎಂಬುದು ಅವರ ನಿಲುವು. ಆ ಕಾಲದ ಔತಣಗಳಲ್ಲಿ ದ್ರಾಕ್ಷಾರಸವನ್ನು ಬಿಸಿ ಮಾಡಿಯೋ ತಣ್ಣಗೆ ಮಾಡಿಯೋ ಬಡಿಸುತ್ತಿದ್ದರು. ಎರಡೂ ಅತಿಥಿಯ ಮೇಲಿನ ಕಾಳಜಿಯ ಗುರುತು. ಸುತ್ತಲ ಗಾಳಿಯಷ್ಟೇ ಬೆಚ್ಚಗಿರುವ ಬಟ್ಟಲೆಂದರೆ ಅತಿಥಿಗಾಗಿ ಯಾರೂ ಏನೂ ಮಾಡಲಿಲ್ಲ ಎಂದರ್ಥ. ನನಗೆ ಈ ಓದು ಹೆಚ್ಚು ಹಿಡಿಸುತ್ತದೆ. ಏನೂ ಮಾಡದೆ ಬಿಟ್ಟರೆ ಬಿಸಿ ಆರುತ್ತದೆ, ತಂಪು ಏರುತ್ತದೆ, ಕಡೆಗೆ ಎರಡೂ ಕೋಣೆಯ ಹವೆಗೆ ಸಮವಾಗಿ ನಿಲ್ಲುತ್ತವೆ. ಉಗುರುಬೆಚ್ಚಗಾಗಲು ಯಾವ ಪಾಪವನ್ನೂ ಮಾಡಬೇಕಾಗಿಲ್ಲ. ಸುತ್ತಲಿನ ಲೋಕಕ್ಕೂ ಸಭೆಗೂ ನಡುವೆ ಎದ್ದು ಕಾಣುವ ವ್ಯತ್ಯಾಸ ಉಳಿಯದಿದ್ದರೆ ಸಾಕು.

ಲವೊದಿಕೀಯದ ಹವೆ ಎಂಥದ್ದು? ಅದು ದುಡ್ಡಿನ ಊರು. ಸಿರಿಯಾದ ಅರಸ ಎರಡನೆಯ ಆಂಟಿಯೋಕಸ್ ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಅದನ್ನು ಕಟ್ಟಿ ಹೆಂಡತಿ ಲವೊದಿಕೆಯ ಹೆಸರಿಟ್ಟ. ಕ್ರಿ.ಪೂ. 51ರಲ್ಲಿ ಸಿಲಿಷಿಯಾ ಪ್ರಾಂತ್ಯ ಆಳಲು ಹೊರಟ ಸಿಸೆರೊ ತನಗೆ ಬರಬೇಕಾದ ಸರ್ಕಾರಿ ಹಣವನ್ನು ನಗದು ಮಾಡಿಕೊಳ್ಳಲು ಆರಿಸಿದ್ದು ಈ ಊರನ್ನು. ಇಲ್ಲಿಯ ಕುರಿಗಳ ಮಿರುಗುವ ಕಪ್ಪು ಉಣ್ಣೆಯನ್ನು ಭೂಗೋಳಕಾರ ಸ್ಟ್ರಾಬೊ ಹೊಗಳಿದ್ದಾನೆ. ಹತ್ತಿರದ ದೇವಾಲಯದ ಬಳಿ ವೈದ್ಯರ ಶಾಲೆಯಿದ್ದುದನ್ನೂ ಹೇಳಿದ್ದಾನೆ. ಓಲೆ ಈ ಹೆಮ್ಮೆಗಳನ್ನೇ ಒಂದೊಂದಾಗಿ ಮುಟ್ಟುತ್ತದೆ. ಲೇವಾದೇವಿಯ ಊರಿಗೆ ಬಡವರೆಂದು, ಬಟ್ಟೆಯ ಊರಿಗೆ ಬೆತ್ತಲೆಯವರೆಂದು, ವೈದ್ಯರ ಊರಿಗೆ ಕುರುಡರೆಂದು ಹೇಳಿ, ನನ್ನಿಂದ ಕಣ್ಣಿನ ಲೇಪ ಕೊಂಡುಕೊಳ್ಳಿ ಎನ್ನುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ಮಾತಾಡುವುದು ಒಂದು ಭೂಕಂಪ. ಕ್ರಿ.ಶ. 17ರಲ್ಲಿ ಆ ಸೀಮೆಯ ಊರುಗಳು ಉರುಳಿದಾಗ ಚಕ್ರವರ್ತಿ ತಿಬೇರಿಯ ಸಾರ್ದಿಸ್ ನಗರಕ್ಕೆ ಭಾರಿ ಮೊತ್ತದ ಪರಿಹಾರ ಕೊಟ್ಟ, ತೆರಿಗೆಯನ್ನೂ ಬಿಟ್ಟ. ಕ್ರಿ.ಶ. 60ರ ಸುಮಾರಿಗೆ ಲವೊದಿಕೀಯ ಉರುಳಿತು. ಆಗ ಅದು ರೋಮಿನಿಂದ ಚಿಕ್ಕಾಸೂ ಪಡೆಯದೆ ಸ್ವಂತ ಗಂಟಿನಿಂದಲೇ ಎದ್ದು ನಿಂತಿತೆಂದು ಇತಿಹಾಸಕಾರ ಟ್ಯಾಸಿಟಸ್ ಬರೆಯುತ್ತಾನೆ. ನಗರಸಭೆಗೆ ಇದಕ್ಕಿಂತ ದೊಡ್ಡ ಮರ್ಯಾದೆ ಬೇರಿಲ್ಲ. ಆದರೆ ಅದೇ ನಾಲಿಗೆ ಪ್ರಾರ್ಥನೆಗೆ ಬಂದಾಗ ಏನಾಗುತ್ತದೆ? ನಾನು ಐಶ್ವರ್ಯವಂತ, ನನಗೆ ಏನೂ ಕೊರತೆಯಿಲ್ಲ ಎಂದು ಆ ಸಭೆ ಹೇಳಿಕೊಳ್ಳುತ್ತಿತ್ತು ಎಂಬುದೇ ಓಲೆಯ ಆರೋಪದ ತಿರುಳು. ಅವರು ಸುಳ್ಳು ಬೋಧಕರನ್ನು ಸೇರಿಸಿಕೊಂಡಿರಲಿಲ್ಲ, ವಿಗ್ರಹಕ್ಕಿಟ್ಟದ್ದನ್ನು ತಿಂದ ಆರೋಪವೂ ಅವರ ಮೇಲಿಲ್ಲ. ಅವರಿಗೆ ಎಲ್ಲ ಸಾಕಾಗಿತ್ತು, ಅಷ್ಟೆ. ಹೊಟ್ಟೆ ತುಂಬಿದ ಮೇಲೆ ಹುಗ್ಗಿ ಮುಳ್ಳು ಎಂಬ ನಮ್ಮ ಗಾದೆ ಈ ರೋಗವನ್ನು ಸರಿಯಾಗಿ ಹಿಡಿದಿದೆ. ಉಗುರುಬೆಚ್ಚಗೆ ಎಂಬುದನ್ನು ಉತ್ಸಾಹದ ಅಳತೆಯೆಂದು ತಿಳಿದದ್ದೇ ನಾವು ಈ ಪದಕ್ಕೆ ಮಾಡಿದ ಅನ್ಯಾಯ. ಓಲೆ ಅಳೆಯುತ್ತಿರುವುದು ಹಸಿವನ್ನು.

ಇಂಗ್ಲಿಷಿನಲ್ಲಿ ಊರಿನ ಹೆಸರೇ ಗುಣವಾಚಕವಾಗಿ ನಿಂತುಬಿಟ್ಟಿತು. ಧರ್ಮದಲ್ಲೋ ರಾಜಕೀಯದಲ್ಲೋ ಆಸಕ್ತಿಯಿಲ್ಲದವರು ‘ಲೇಯೊಡಿಸಿಯನ್’. 2009ರ ಮೇ ತಿಂಗಳಲ್ಲಿ ಅಮೆರಿಕದ ಸ್ಕ್ರಿಪ್ಸ್ ಸ್ಪೆಲ್ಲಿಂಗ್ ಬೀ ಸ್ಪರ್ಧೆಯಲ್ಲಿ ಕ್ಯಾನ್ಸಸ್‌ನ ಹದಿಮೂರರ ಬಾಲೆ, ಕರ್ನಾಟಕ ಮೂಲದ ಕುಟುಂಬದ ಕಾವ್ಯಾ ಶಿವಶಂಕರ್ ಗೆದ್ದದ್ದು ಇದೇ ಪದದ ಕಾಗುಣಿತ ಹೇಳಿ. ಅದಕ್ಕೂ ಮುಂಚೆ, 1881ರಲ್ಲಿ, ಥಾಮಸ್ ಹಾರ್ಡಿ ಇದನ್ನು ಕಾದಂಬರಿಯೊಂದರ ಹೆಸರಾಗಿಸಿದ. ರೈಲ್ವೆ ಗುತ್ತಿಗೆದಾರನ ಮಗಳು ಪೌಲಾ ಪವರ್ ದೀಕ್ಷಾಸ್ನಾನಕ್ಕೆಂದು ನೀರಿನ ಅಂಚಿಗೆ ಬಂದವಳು ಕೊನೆಯ ಗಳಿಗೆಯಲ್ಲಿ ಹಿಂದೆ ಸರಿಯುತ್ತಾಳೆ. ಬೋಧಕ ಎಲ್ಲರೆದುರು ಪ್ರಕಟನೆಯ ಈ ಭಾಗವನ್ನೇ ತೆಗೆದು ಅವಳ ಮೇಲೆ ಪ್ರಯೋಗಿಸುತ್ತಾನೆ. ಓದುವವರಿಗೆ ಅನುಮಾನ ಬರುತ್ತದೆ: ಮನಸ್ಸು ಒಪ್ಪದೆ ಮುಳುಗಲಾರೆ ಎಂದ ಹುಡುಗಿ ಉಗುರುಬೆಚ್ಚಗಿನವಳೇ? ಅಲ್ಲಿದ್ದವರಲ್ಲಿ ಈ ವಿಷಯವನ್ನು ಗಂಭೀರವಾಗಿ ತೆಗೆದುಕೊಂಡವಳು ಅವಳೇ ಇರಬಹುದಲ್ಲ?

ಹಾರ್ಡಿಯ ಪುಸ್ತಕದ ಹೊರಗೂ ಇದು ನಡೆಯುತ್ತಲೇ ಇದೆ. ಮಗನನ್ನು ಕಳೆದುಕೊಂಡ ಮೇಲೆ ಹಾಡಲು ಬಾಯಿ ಬಾರದ ತಾಯಿ, ವರ್ಷಗಟ್ಟಲೆ ಪ್ರಾರ್ಥಿಸಿ ಉತ್ತರ ಕಾಣದೆ ಹಿಂದಿನ ಸಾಲಿಗೆ ಸರಿದವನು, ಪ್ರಶ್ನೆ ಕೇಳಿ ಸಂಡೇ ಸ್ಕೂಲ್ ಟೀಚರಿನ ಸಿಟ್ಟಿಗೆ ಗುರಿಯಾದ ಹುಡುಗ, ಇವರಿಗೆಲ್ಲ ಸಲೀಸಾಗಿ ಅಂಟುವ ಪದ ‘ಉಗುರುಬೆಚ್ಚಗೆ’. ಹದಿನಾರನೆಯ ಶತಮಾನದ ಸ್ಪೇನಿನಲ್ಲಿ ಶಿಲುಬೆಯ ಸಂತ ಯೊವಾನ್ನರು ಈ ಗೊಂದಲವನ್ನು ಬಹಳ ಹಿಂದೆಯೇ ಬಿಡಿಸಿಟ್ಟರು. ಆತ್ಮದ ಕತ್ತಲ ರಾತ್ರಿಯನ್ನು ಕುರಿತ ಅವರ ಗ್ರಂಥದಲ್ಲಿ ಒಣಗಿದ ಸ್ಥಿತಿಗೂ ಉಗುರುಬೆಚ್ಚಗಿನ ಸ್ಥಿತಿಗೂ ಗೆರೆ ಎಳೆಯುತ್ತಾರೆ. ಪ್ರಾರ್ಥನೆ ಇಬ್ಬರಿಗೂ ರುಚಿಸುವುದಿಲ್ಲ, ಅಷ್ಟರಮಟ್ಟಿಗೆ ಇಬ್ಬರೂ ಒಂದೇ. ಆದರೆ ಒಣಗಿದವನಿಗೆ ಅದರ ಚಿಂತೆ ಹತ್ತಿರುತ್ತದೆ. ತಾನು ದೇವರ ಸೇವೆಯಲ್ಲಿ ಹಿಂದೆ ಬಿದ್ದೆನೆಂದು ಕೊರಗುತ್ತಾನೆ. ಉಗುರುಬೆಚ್ಚಗಿನವನಿಗೆ ಆ ಚಿಂತೆಯೇ ಇಲ್ಲ. ಮದರ್ ತೆರೇಸಾ ದಶಕಗಳ ಕಾಲ ಒಳಗೆ ಕತ್ತಲನ್ನೇ ಅನುಭವಿಸಿದರೆಂಬುದು 2007ರಲ್ಲಿ ಅವರ ಪತ್ರಗಳು ಪುಸ್ತಕವಾಗಿ ಬಂದಾಗ ಹೊರಗಿನವರಿಗೆ ತಿಳಿಯಿತು. ಅಷ್ಟೂ ಕಾಲ ಅವರು ಬೆಳಗಿನ ಪ್ರಾರ್ಥನೆಯನ್ನೂ ಬಿಡಲಿಲ್ಲ, ಕೋಲ್ಕತ್ತದ ಬೀದಿಗಳನ್ನೂ ಬಿಡಲಿಲ್ಲ. ಅವರ ಒಳಗಿನ ಬಿಸಿಯನ್ನು ಯಾವ ಉಜ್ಜೀವನ ಕೂಟದ ಮಾಪನದಿಂದ ಅಳೆಯುತ್ತೀರಿ?

ಹಾಗಾದರೆ ಪದ ಸರಿಯಾಗಿ ಅಂಟುವುದು ಎಲ್ಲಿ? ಹುಡುಕುತ್ತ ದೂರ ಹೋಗಬೇಕಾಗಿಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಶೇ 1.87. ಇಷ್ಟು ಚಿಕ್ಕ ಸಮುದಾಯಕ್ಕೆ ಧರ್ಮ ಎಂದರೆ ನಂಟಸ್ತಿಕೆ, ಹೆಸರು, ಮದುವೆಯ ಸಂಬಂಧ, ಸಮಾಧಿಗೆ ಮೂರಡಿ ಆರಡಿ ಜಾಗ. ಇವೆಲ್ಲ ಬೇಕಾದವೇ. ಹೊರಗಿನವರು ಸಮುದಾಯದ ಮೇಲೆ ಒಂದು ಮಾತು ಆಡಿದರೆ ರಕ್ತ ಕುದಿಯುತ್ತದೆ, ಅದೂ ಸಹಜ. ಆದರೆ ಗುರುತು ಕುದಿಯುತ್ತಿರುವಾಗ ಭಕ್ತಿ ಆರಿರುವುದು ಗೊತ್ತಾಗುವುದೇ ಇಲ್ಲ, ಒಂದರ ಶಾಖವನ್ನು ಇನ್ನೊಂದರದ್ದೆಂದು ತಿಳಿದುಬಿಡುತ್ತೇವೆ. ಆಡಳಿತ ಮಂಡಳಿಯ ಚುನಾವಣೆಗೆ ಏರುವ ಬಿಸಿ ಬುಧವಾರದ ಬೈಬಲ್ ಅಧ್ಯಯನಕ್ಕೆ ಏರುವುದಿಲ್ಲ. ಹಿಂದಿನವರು ಬಡವರ ಮಕ್ಕಳಿಗೆಂದು ಕಟ್ಟಿದ ಶಾಲೆಯಲ್ಲಿ ಇಂದು ಸೀಟು ಯಾರಿಗೆ ಸಿಗುತ್ತದೆ ಎಂದು ಕೇಳಿ ನೋಡಬೇಕು. ಜಾಗವಿದೆ, ಕಟ್ಟಡವಿದೆ, ಮದುವೆ ಹಾಲಿನ ಬಾಡಿಗೆ ಬರುತ್ತದೆ, ಕ್ರಿಸ್ಮಸ್ಸಿಗೆ ಕೇಕು, ಗುಡ್ ಫ್ರೈಡೇಗೆ ಬಿಳಿ ಬಟ್ಟೆ, ಈಸ್ಟರಿಗೆ ಬಿರಿಯಾನಿ. ಏನೂ ಕೊರತೆಯಿಲ್ಲ. ಲವೊದಿಕೀಯದ ಕರಣಿಕ ಬಂದು ಲೆಕ್ಕ ನೋಡಿದರೆ ಮೆಚ್ಚಿ ಸಹಿ ಹಾಕಿಯಾನು.

ರೋಗ ಹೀಗಿರುವಾಗ ನಮ್ಮ ಮದ್ದು ಮಾತ್ರ ಒಂದೇ: ಬಿಸಿ ಏರಿಸು. ಡ್ರಮ್ಮು, ಕೀಬೋರ್ಡು, ಮೂರು ದಿನದ ಕೂಟ, ಕಣ್ಣೀರು. ಹೃದಯ ಬೆಚ್ಚಗಾಗುವುದನ್ನು ಹಗುರವಾಗಿ ನೋಡಬೇಕಾಗಿಲ್ಲ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ಜಾನ್ ವೆಸ್ಲಿಗೆ ಆದದ್ದು ಅದೇ. ಆದರೆ ಮುಂದಿನ ಜನವರಿಯಲ್ಲೇ ಆತ ತಾನಿನ್ನೂ ಕ್ರೈಸ್ತನೇ ಅಲ್ಲವೆಂದು ದಿನಚರಿಯಲ್ಲಿ ಬರೆದುಕೊಂಡ. ಆ ಬಿಸಿಯನ್ನೇ ನೆಚ್ಚಿ ಕೂತಿದ್ದರೆ ಮೆಥಡಿಸ್ಟ್ ಪಂಥ ಹುಟ್ಟುತ್ತಿರಲಿಲ್ಲ. 1742ರಲ್ಲಿ ಬ್ರಿಸ್ಟಲಿನ ಪ್ರಾರ್ಥನಾ ಮಂದಿರದ ಸಾಲ ತೀರಿಸಲು ಸದಸ್ಯರನ್ನು ಹನ್ನೆರಡರ ಗುಂಪುಗಳಾಗಿ ಮಾಡಿ, ಗುಂಪಿಗೊಬ್ಬ ವಾರಕ್ಕೆ ತಲಾ ಒಂದು ಪೆನ್ನಿ ಎತ್ತಬೇಕೆಂದು ಗೊತ್ತುಮಾಡಿದರು. ಪೆನ್ನಿ ಎತ್ತಲು ಮನೆಮನೆಗೆ ಹೋದವನಿಗೆ ಒಬ್ಬ ಕುಡಿಯುತ್ತಿರುವುದು, ಇನ್ನೊಬ್ಬ ಹೆಂಡತಿಯೊಡನೆ ಜಗಳವಾಡುತ್ತಿರುವುದು ಕಣ್ಣಿಗೆ ಬಿತ್ತು. ವೆಸ್ಲಿಗೆ ತಟ್ಟನೆ ಹೊಳೆಯಿತು, ತನಗೆ ಬೇಕಾದದ್ದು ಇದೇ ಎಂದು. ಅಲ್ಲಿಂದ ಮುಂದೆ ‘ಕ್ಲಾಸ್’ ಎಂಬ ಆ ಗುಂಪು ಪ್ರತಿ ವಾರ ಒಬ್ಬರ ಕ್ಷೇಮವನ್ನು ಒಬ್ಬರು ಕೇಳುವ ಕೂಟವಾಯಿತು. ನಿನಗೆ ಏನು ಕೊರತೆಯಾಗಿದೆ ಎಂದು ವಾರವಾರವೂ ಬಂದು ಕೇಳುವವನಿದ್ದರೆ, ಏನೂ ಇಲ್ಲ ಎಂದು ಎಷ್ಟು ವಾರ ಹೇಳಿಕೊಂಡಿರಲು ಸಾಧ್ಯ?

ಲವೊದಿಕೀಯದ ಓಲೆಯೂ ಬೆಂಕಿ ಹೊತ್ತಿಸಿ ಎಂದು ಮುಗಿಯುವುದಿಲ್ಲ. ಬಾಗಿಲಲ್ಲಿ ನಿಂತು ತಟ್ಟುತ್ತಿರುವವನೊಬ್ಬನ ಚಿತ್ರ ಕೊಟ್ಟು, ತೆರೆದರೆ ಒಟ್ಟಿಗೆ ಕೂತು ಊಟ ಮಾಡೋಣ ಎನ್ನುತ್ತದೆ. ಇಂಗ್ಲೆಂಡಿನ ಹಾಲ್ಮನ್ ಹಂಟ್ 1850ರ ದಶಕದಲ್ಲಿ ಇದನ್ನು ಬಣ್ಣದಲ್ಲಿ ಬರೆದ. ಕೈಯಲ್ಲಿ ಲಾಟೀನು, ಹೊರಗಿನಿಂದ ಹಿಡಿಕೆಯಿಲ್ಲದ ಬಾಗಿಲು. ಆ ಚಿತ್ರದ ಅಗ್ಗದ ಪ್ರತಿಗಳು ಲೋಕವೆಲ್ಲ ಸುತ್ತಿ, ಇನ್ನೂ ನಂಬದವರಿಗೆ ಕೊಡುವ ಆಹ್ವಾನವೆಂದೇ ಹೆಸರಾದವು. ಓಲೆಯ ವಿಳಾಸವನ್ನು ಮರೆತರೆ ಮಾತ್ರ ಹಾಗೆ ಓದಬಹುದು. ಅದು ಸಭೆಗೆ ಬರೆದದ್ದು, ಮುಚ್ಚಿದ ಬಾಗಿಲೂ ಸಭೆಯದೇ. ಒಳಗೆ ಆರಾಧನೆ ಕ್ರಮದಂತೆ ನಡೆಯುತ್ತಿದೆ, ಆರಾಧನೆ ಯಾರಿಗೋ ಅವನು ಹೊರಗಿದ್ದಾನೆ, ಯಾರಿಗೂ ಕಡಿಮೆ ಬಿದ್ದಂತೆ ಅನ್ನಿಸಿಲ್ಲ. ಗದರುವುದು ಪ್ರೀತಿಸುವವರನ್ನೇ ಎಂದು ಅದೇ ಓಲೆ ಹೇಳುತ್ತದೆ. ನಮ್ಮ ಬೈಗುಳದಲ್ಲಿ ಉಳಿದುಕೊಂಡದ್ದು ಗದರಿಕೆ ಮಾತ್ರ.

ಈ ಪದವನ್ನು ಮಧ್ಯಮ ಪುರುಷದಲ್ಲಿ, ‘ನೀನು’ ಎಂದು ಬಳಸುವ ಹಕ್ಕು ಬಾಗಿಲಲ್ಲಿ ನಿಂತವನಿಗೆ ಇದೆ, ಪಕ್ಕದ ಬೆಂಚಿನವನಿಗೆ ಇಲ್ಲ. ನಮಗೆ ಉಳಿದದ್ದು ಉತ್ತಮ ಪುರುಷ. ಅಲ್ಲೂ ಒಂದು ಅಪಾಯವುಂಟು. ‘ಸ್ವಾಮೀ, ನಾವು ಉಗುರುಬೆಚ್ಚಗಾಗಿದ್ದೇವೆ’ ಎಂದು ಭಾನುವಾರ ಹತ್ತೂವರೆಗೆ ಒಪ್ಪಿಕೊಂಡು ಹನ್ನೆರಡಕ್ಕೆ ನಿರಾಳವಾಗಿ ಊಟಕ್ಕೆ ಕೂರಬಹುದು. ತಪ್ಪೊಪ್ಪಿಗೆಯೂ ಎಲ್ಲ ಸರಿಯಿದೆ ಎಂಬ ಲೆಕ್ಕದ ಒಂದು ಸಾಲಾಗಿ ಸೇರಿಹೋಗುತ್ತದೆ. ಅದಕ್ಕೇ ಈ ಪದವನ್ನು ಒಂಟಿಯಾಗಿ ಬಿಡಬಾರದು. ಅದರ ಹಿಂದೆಯೇ ಹೆಸರುಳ್ಳ ಒಂದು ಕೊರತೆಯನ್ನು ಹೇಳಬೇಕು. ಇಂಥವನನ್ನು ಕ್ಷಮಿಸಿಲ್ಲ. ಕೆಲಸದವಳ ಸಂಬಳ ಏರಿಸಿ ಮೂರು ವರ್ಷವಾಯಿತು. ಆಸ್ಪತ್ರೆಯಲ್ಲಿರುವ ಅಣ್ಣನನ್ನು ನೋಡಲು ಹೋಗಿಲ್ಲ. ಇಷ್ಟನ್ನು ಹೇಳಿದವನು ಬಿಸಿಯಾದನೋ ಇಲ್ಲವೋ, ತನಗೆ ಏನೂ ಕೊರತೆಯಿಲ್ಲ ಎಂದು ಮತ್ತೆ ಹೇಳಲಾರ.